ಎತ್ತಿದ ಡಿಕ್ಕಿ ಬಾಗಿಲು ನಿಲ್ಲುತ್ತಿಲ್ಲವೇ? ಹೊಸ ಶಾಕರ್ ಕೊಳ್ಳುವ ಮುಂಚಿನ ತಪಾಸಣೆ

ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಬಾಗಿಲೆಂದರೆ ಬರೀ ತಗಡಲ್ಲ. ಗಾಜು, ವೈಪರ್ ಮೋಟರ್, ಬೀಗ, ಒಳಗಿನ ಪ್ಲಾಸ್ಟಿಕ್ ಎಲ್ಲ ಸೇರಿ 15 ಕೆಜಿ ಮೀರುವುದು ಸಾಮಾನ್ಯ. ಅದು ಕೆಳಗೆ ಬೀಳುವಾಗ ಮೊದಲು ತಗಲುವುದು ಬೀಗದ ಕೊಂಡಿ, ಅದೂ ಬಗ್ಗಿ ಸಾಮಾನು ತೆಗೆಯುತ್ತಿರುವವರ ತಲೆಗೆ ಇಲ್ಲವೇ ಕತ್ತಿಗೆ. ಹಾಗಾಗಿ ಯಾವ ತಪಾಸಣೆ ಶುರು ಮಾಡುವುದಕ್ಕೂ ಮುಂಚೆ ಬಾಗಿಲಿಗೊಂದು ಊರೆ ಕೊಡಿ. ಎರಡು ಇಂಚು ದಪ್ಪದ ಮರದ ರೀಪು ಸಾಕು. ಅದರ ಮೇಲ್ತುದಿಗೆ ಹಳೇ ಬಟ್ಟೆ ಸುತ್ತಿ, ಕೆಳತುದಿಯನ್ನು ಡಿಕ್ಕಿಯ ಗಟ್ಟಿ ನೆಲದ ಮೇಲೋ ಕಾರಿನ ಹಿಂದಿನ ನೆಲದ ಮೇಲೋ ನಿಲ್ಲಿಸಿ. ಬಂಪರ್ ಪ್ಲಾಸ್ಟಿಕ್ ಮೇಲೆ ಇಟ್ಟರೆ ಅದು ಜಾರುತ್ತದೆ. ಜೊತೆಗೆ ಇನ್ನೊಬ್ಬರು ಬಾಗಿಲು ಹಿಡಿದು ನಿಂತರೆ ಇನ್ನೂ ಒಳ್ಳೆಯದು.

ಬಾಗಿಲು ನಿಲ್ಲದಿದ್ದರೆ ಹೆಚ್ಚಿನವರು ನೇರ ಬಿಡಿಭಾಗದ ಅಂಗಡಿಗೆ ಹೋಗಿ "ಈ ಕಾರಿನ ಡಿಕ್ಕಿ ಶಾಕರ್ ಕೊಡಿ" ಎಂದು ಕೇಳುತ್ತಾರೆ. ಶಾಕರ್ ಎಂದರೆ ಬಾಗಿಲಿನ ಎರಡು ಬದಿಯಲ್ಲಿ ಅದನ್ನು ಎತ್ತಿ ಹಿಡಿಯುವ, ಒಳಗೆ ಗ್ಯಾಸ್ ಮತ್ತು ಎಣ್ಣೆ ಇರುವ ಕೊಳವೆ. ಬಹುಪಾಲು ಸಲ ದೋಷ ಇರುವುದು ಅದರಲ್ಲೇ, ನಿಜ. ಆದರೆ ಕಳಚಿಕೊಂಡ ಕ್ಲಿಪ್, ಸಡಿಲವಾದ ಬಾಲ್ ಬೋಲ್ಟ್ (ಶಾಕರ್ ಕೂರುವ ಗುಂಡುತಲೆಯ ಬೋಲ್ಟ್), ಹರಿದ ತಗಡು, ಆಮೇಲೆ ಹಾಕಿಸಿದ ಸ್ಪಾಯ್ಲರ್ (ಬಾಗಿಲ ಮೇಲಿನ ರೆಕ್ಕೆಯಂಥ ಪಟ್ಟಿ), ಇವೆಲ್ಲವೂ ಅದೇ ಲಕ್ಷಣ ತೋರಿಸುತ್ತವೆ. ಇವನ್ನು ನೋಡದೆ ಹೊಸ ಶಾಕರ್ ಹಾಕಿದರೂ ತೊಂದರೆ ಹಾಗೇ ಉಳಿಯಬಹುದು.

ಬೀಳುವ ರೀತಿ ನೋಡಿ

ಕಾರನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ಏರಿನಲ್ಲಿ ಮೂತಿ ಮೇಲಾಗಿ ನಿಂತ ಕಾರಿನ ಹಿಂಭಾಗ ತಗ್ಗಿರುತ್ತದೆ, ತೆರೆದ ಬಾಗಿಲು ಮುಚ್ಚುವ ಕಡೆಗೆ ವಾಲುತ್ತದೆ. ಅಲ್ಲಿ ಮಾತ್ರ ಬಿದ್ದು ಸಮತಟ್ಟಿನಲ್ಲಿ ನಿಂತರೆ ಶಾಕರ್ ಪೂರ್ತಿ ಸತ್ತಿಲ್ಲ, ಸೋಲುತ್ತ ಬಂದಿದೆ ಎಂದರ್ಥ. ಬೆಳಗಿನ ಚಳಿಯಲ್ಲಿ ಬಿದ್ದು ಮಧ್ಯಾಹ್ನ ನಿಲ್ಲುವುದೂ ಇದೇ ಹಂತದ ಗುರುತು. ಒಳಗಿರುವುದು ಅನಿಲವಾದ್ದರಿಂದ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಅದರ ಬಲ ಸುಮಾರು 3.5 ಶೇಕಡಾ ಏರಿಳಿಯುತ್ತದೆ. ಕಲಬುರಗಿಯ 40 ಡಿಗ್ರಿ ಬಿಸಿಲಲ್ಲಿ ಗಟ್ಟಿಯಾಗಿ ನಿಂತ ಬಾಗಿಲು ಮಡಿಕೇರಿಯ 10 ಡಿಗ್ರಿ ಮುಂಜಾವಿನಲ್ಲಿ ಹತ್ತರಲ್ಲೊಂದು ಪಾಲು ಬಲ ಕಳೆದುಕೊಂಡಿರುತ್ತದೆ. ಹೊಸ ಶಾಕರಿಗೆ ಅದು ಲೆಕ್ಕಕ್ಕಿಲ್ಲ, ಹಳೆಯದಕ್ಕೆ ಅಷ್ಟೇ ಸಾಕು.

ಮೇಲೆ ಬಿಟ್ಟ ಬಾಗಿಲು ಮೆಲ್ಲನೆ, ಒಂದೇ ವೇಗದಲ್ಲಿ ಇಳಿದರೆ ಗ್ಯಾಸ್ ಕಡಿಮೆಯಾಗಿದೆ, ಎಣ್ಣೆ ಇನ್ನೂ ಉಳಿದಿದೆ. ತೆರೆಯುವಾಗ ಕೊನೆಯಲ್ಲಿ ನಿಧಾನವಾಗದೆ ದಢಾರನೆ ಬಡಿದು, ಬಿಟ್ಟರೆ ಅಷ್ಟೇ ವೇಗದಲ್ಲಿ ಕೆಳಗೆ ಬಂದರೆ ಎಣ್ಣೆಯೂ ಸೋರಿದೆ. ಇನ್ನು, ಚೆನ್ನಾಗಿ ನಿಂತಿದ್ದ ಬಾಗಿಲು ಒಂದು ದಿನ ಇದ್ದಕ್ಕಿದ್ದಂತೆ ಟಕ್ ಎಂದು ಸದ್ದು ಮಾಡಿ ಬಿದ್ದರೆ ಗ್ಯಾಸನ್ನು ಅನುಮಾನಿಸಬೇಡಿ, ಮೊದಲು ಎರಡು ತುದಿಯ ಜೋಡಣೆ ನೋಡಿ. ಗ್ಯಾಸ್ ಹೋಗುವುದು ಸಾಮಾನ್ಯವಾಗಿ ತಿಂಗಳುಗಟ್ಟಲೆಯ ಕೆಲಸ.

ಬಾಗಿಲ ಒಂದು ಮೂಲೆ ಮುಂದೆ, ಇನ್ನೊಂದು ಹಿಂದೆ ಎಂಬಂತೆ ಸೊಟ್ಟಗೆ ಏರಿದರೆ ಒಂದು ಬದಿಯ ಶಾಕರ್ ಮಾತ್ರ ಕೆಲಸ ಮಾಡುತ್ತಿದೆ. ಮುಚ್ಚಿದ ಮೇಲೆ ಎಡಬಲದ ಸಂದು ಒಂದೇ ಸಮ ಇದೆಯೇ ಎಂದೂ ನೋಡಿ. ಬಹಳ ದಿನ ಹಾಗೇ ಬಳಸಿದ್ದರೆ ಹಿಂಜ್ ತಿರುಚಿರಬಹುದು.

ಒಂದು ಮಾತು ಇಲ್ಲೇ ಹೇಳಬೇಕು. ಬಾಗಿಲನ್ನು ಒಂದು ಗೇಣು ಮಾತ್ರ ಎತ್ತಿ ಬಿಟ್ಟಾಗ ಅದು ಮತ್ತೆ ಮುಚ್ಚಿಕೊಂಡರೆ ಅದು ದೋಷವಲ್ಲ. ಆ ಕೋನದಲ್ಲಿ ಶಾಕರ್ ತಳ್ಳುವ ಗೆರೆ ಹಿಂಜಿಗೆ ತೀರ ಹತ್ತಿರ ಹಾಯುವುದರಿಂದ ಅದಕ್ಕೆ ಎತ್ತುವ ಹಿಡಿತವೇ ಸಿಗುವುದಿಲ್ಲ. ಬಾಗಿಲು ಸುಮಾರು ಅರ್ಧ ದಾಟಿದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ನೋಡಬೇಕು.

ಶಾಕರಿನ ಒಳಗೇನಿದೆ

ಹೆಸರು ಶಾಕರ್ ಆದರೂ ಚಕ್ರದ ಶಾಕ್ ಅಬ್ಸಾರ್ಬರಿನ ಕೆಲಸ ಇದರದ್ದಲ್ಲ. ಇದು ಗ್ಯಾಸ್ ಸ್ಪ್ರಿಂಗ್. ಸೀಲ್ ಮಾಡಿದ ಉಕ್ಕಿನ ಕೊಳವೆಯೊಳಗೆ ನೈಟ್ರೋಜನ್ ಅನಿಲ ತುಂಬಿರುತ್ತದೆ, ತಳದಲ್ಲಿ ಒಂದಿಷ್ಟು ಎಣ್ಣೆ. ಕೊಳವೆಯ ಒಳಗೂ ಹೊರಗೂ ಸರಿಯುವ ಕಂಬಿಯ ಒಳತುದಿಗೆ ಪಿಸ್ಟನ್ ಇರುತ್ತದೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅದರ ಎರಡೂ ಬದಿಯಲ್ಲಿ ಒತ್ತಡ ಒಂದೇ. ಹಾಗಾಗಿ ಹೊರಗೆ ತಳ್ಳುವ ಬಲ ಬರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಮಾತ್ರ. 8 ಮಿ.ಮೀ. ಕಂಬಿಯ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಅದು 500 ನ್ಯೂಟನ್ ಬಲ ಕೊಡಬೇಕಾದರೆ ಒಳಗಿನ ಒತ್ತಡ ಹೆಚ್ಚುಕಡಿಮೆ 100 ಬಾರ್ ಇರಬೇಕು, ಅಂದರೆ ಕಾರಿನ ಟೈರಿನ ಗಾಳಿಗಿಂತ ನಲವತ್ತು ಪಟ್ಟಿಗೂ ಮೇಲೆ. ಹಳೆಯ ಶಾಕರನ್ನು ಕೊರೆಯುವುದು, ಕತ್ತರಿಸುವುದು, ವೆಲ್ಡ್ ಮಾಡುವುದು ಜೀವಕ್ಕೆ ಅಪಾಯ ಎನ್ನುವುದು ಈ ಕಾರಣಕ್ಕೆ.

ಇಷ್ಟು ಒತ್ತಡವನ್ನು ತಡೆದು ನಿಲ್ಲಿಸಿರುವುದು ಕಂಬಿ ಹೊರಬರುವ ಬಾಯಲ್ಲಿರುವ ಒಂದು ಸಣ್ಣ ರಬ್ಬರ್ ಸೀಲ್. ಕಂಬಿಯ ಹೊಳಪು ಮೈ ಮೇಲೆ ಒಂದು ಗೀರು, ತುಕ್ಕಿನ ಒಂದು ಚುಕ್ಕೆ, ಗಟ್ಟಿಯಾದ ಒಂದು ಹನಿ ಬಣ್ಣ ಇದ್ದರೂ ಪ್ರತಿ ಸಲ ಬಾಗಿಲು ಮುಚ್ಚಿದಾಗ ಅದು ಸೀಲನ್ನು ಕೊರೆಯುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯ ಉಪ್ಪು ಗಾಳಿಗೆ ಕಂಬಿ ತುಕ್ಕು ಹಿಡಿಯುತ್ತದೆ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಧೂಳು ಕಂಬಿಯ ಎಣ್ಣೆಪಸೆಗೆ ಅಂಟಿ ಉಪ್ಪುಕಾಗದದಂತೆ ಉಜ್ಜುತ್ತದೆ. ಟಿಂಕರಿಂಗ್ ಮಾಡುವ ಕಡೆ ಕಂಬಿಗೆ ಕಾಗದ ಸುತ್ತದೆ ಬಣ್ಣ ಹೊಡೆದರೂ ಇದೇ ಗತಿ. ಡಿಕ್ಕಿಗೆ ಪೇಂಟ್ ಮಾಡಿಸಲು ಕೊಟ್ಟಾಗ ಕಂಬಿ ಮುಚ್ಚಲು ಹೇಳಿ, ಕಾರು ವಾಪಸ್ ಪಡೆಯುವಾಗ ಅದನ್ನು ನೋಡಿಯೇ ಪಡೆಯಿರಿ.

ಕಂಬಿಯ ಮೇಲೆ ತೆಳುವಾದ ಎಣ್ಣೆಪಸೆ ಇರಬೇಕಾದ್ದೇ. ಬೆರಳಿಗೆ ಹನಿ ಹತ್ತುವಷ್ಟು ಒದ್ದೆಯಿದ್ದು ಸುತ್ತ ಕಪ್ಪು ಕೆಸರು ಕಟ್ಟಿದ್ದರೆ ಸೀಲ್ ಹೋಗಿದೆ. ಎಣ್ಣೆಯ ಗುರುತೇ ಇಲ್ಲದೆಯೂ ಗ್ಯಾಸ್ ಹೋಗಿರಬಹುದು, ಆದ್ದರಿಂದ ಒಣಗಿದ ಕಂಬಿ ನೋಡಿ ಶಾಕರ್ ಸರಿಯಿದೆ ಎಂದುಕೊಳ್ಳಬೇಡಿ.

ಮೊದಲು ಜೋಡಣೆ, ಆಮೇಲೆ ಶಾಕರ್

ಶಾಕರಿನ ಎರಡೂ ತುದಿಯಲ್ಲಿ ಬಟ್ಟಲಿನಂಥ ಸಾಕೆಟ್ ಇರುತ್ತದೆ. ಅದು ಕಾರಿನ ಮೈಗೂ ಬಾಗಿಲಿಗೂ ತಿರುಗಿಸಿದ ಗುಂಡುತಲೆಯ ಬೋಲ್ಟಿನ ಮೇಲೆ ಕೂರುತ್ತದೆ. ಬಹಳ ಕಾರುಗಳಲ್ಲಿ ಈ ಗುಂಡು 10 ಮಿ.ಮೀ. ಸಾಕೆಟ್ ಹಾರಿಹೋಗದಂತೆ ಅರ್ಧಚಂದ್ರದ ಉಕ್ಕಿನ ಕ್ಲಿಪ್ ಹಿಡಿದಿರುತ್ತದೆ. ಒಂದೊಂದು ತುದಿಯನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಸಾಕೆಟ್ ತಿರುಗಬೇಕು, ಆದರೆ ಹೊರಗೆ ಜಗ್ಗಬಾರದು. ಕ್ಲಿಪ್ ಇಲ್ಲದಿದ್ದರೆ, ಪ್ಲಾಸ್ಟಿಕ್ ಸಾಕೆಟ್ ಸೀಳಿದ್ದರೆ, ಬೋಲ್ಟೇ ಅಲ್ಲಾಡುತ್ತಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಬೋಲ್ಟ್ ಅಲ್ಲಾಡುತ್ತಿದ್ದರೆ ಊರೆ ಕೊಟ್ಟು, ಸರಿಹೊಂದುವ ಸ್ಪ್ಯಾನರಿನಿಂದ (ಹೆಚ್ಚಾಗಿ 12 ಅಥವಾ 13 ನಂಬರ್) ಬಿಗಿ ಮಾಡಿ ನೋಡಿ. ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇದ್ದರೆ ತಗಡಿನ ಹಿಂದೆ ವೆಲ್ಡ್ ಮಾಡಿದ ನಟ್ ಬಿಟ್ಟಿದೆ ಅಥವಾ ಅದರ ಮರೆ (ಥ್ರೆಡ್) ಸವೆದಿದೆ. ಅದಕ್ಕೆ ದಪ್ಪ ಬೋಲ್ಟ್ ತುರುಕುವುದು ಪರಿಹಾರವಲ್ಲ. ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ಹೊಸ ನಟ್ ಕೂರಿಸಿ, ಬುಡದ ತಗಡಿಗೆ ಬಲ ಕೊಡುವ ಕೆಲಸ ಟಿಂಕರಿಂಗ್ ಬಲ್ಲವರದ್ದು. ಬೋಲ್ಟಿನ ಸುತ್ತ ಬಣ್ಣ ಬಿರುಕು ಬಿಟ್ಟಿದ್ದರೆ, ತಗಡು ಗುಳ್ಳೆಯಂತೆ ಉಬ್ಬಿದ್ದರೆ ಅಲ್ಲಿ ತಗಡು ಹರಿಯುತ್ತಿದೆ.

ಬಳಿಕ ಹಿಂಜ್. ಬಾಗಿಲನ್ನು ಅರ್ಧ ಎತ್ತಿ, ಅದರ ಎರಡೂ ಮೂಲೆಗಳನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಹಿಂಜಿನ ಬಳಿ ಕಟಕಟ ಸದ್ದು ಬಂದರೆ ಪಿನ್ ಸವೆದಿದೆ ಅಥವಾ ಅದರ ಬೋಲ್ಟ್ ಸಡಿಲಿದೆ. ಹಿಂಜ್ ಒಣಗಿ ಬಿಗಿಯಾಗಿದ್ದರೆ ಬಾಗಿಲು ಏರುವುದು ಕಷ್ಟವಾಗುತ್ತದೆಯೇ ಹೊರತು ಬೀಳುವುದಿಲ್ಲ. ಬೀಳುವ ಬಾಗಿಲಿನ ಹಿಂಜಿಗೆ ಎಷ್ಟು ಗ್ರೀಸ್ ಬಳಿದರೂ ಫಲವಿಲ್ಲ.

ಈ ಹಿಂದೆ ಅಪಘಾತವಾಗಿ ಡೆಂಟಿಂಗ್ ಆಗಿರುವ ಕಾರಾದರೆ ಇನ್ನೊಂದು ವಿಷಯ. ಶಾಕರಿನ ಗೆರೆಗೂ ಹಿಂಜಿಗೂ ನಡುವಿನ ಲಂಬ ದೂರ 10 ಸೆಂ.ಮೀ. ಇರುವ ಕಡೆ ಬ್ರಾಕೆಟ್ ವೆಲ್ಡ್ ಮಾಡುವಾಗ ಆ ದೂರ 1 ಸೆಂ.ಮೀ. ಕಡಿಮೆಯಾದರೂ ಶಾಕರಿನ ಎತ್ತುವ ಶಕ್ತಿ ಹತ್ತನೇ ಒಂದು ಪಾಲು ಹೋಯಿತು. ಶಾಕರ್ ಎಷ್ಟು ಸಲ ಬದಲಿಸಿದರೂ ಇದು ಸರಿಯಾಗುವುದಿಲ್ಲ.

ಶಾಕರನ್ನು ತೂಗಿ ನೋಡುವುದು

ಜೋಡಣೆ ಗಟ್ಟಿಯಿದ್ದರೆ ಶಾಕರ್ ಬಿಚ್ಚಿ. ಬಾಗಿಲು ಪೂರ್ತಿ ತೆರೆದಿರಲಿ, ಊರೆ ಗಟ್ಟಿಯಾಗಿ ನಿಂತಿರಲಿ, ಒಂದು ಸಲಕ್ಕೆ ಒಂದೇ ಶಾಕರ್ ಬಿಚ್ಚಿ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಕ್ಲಿಪ್ಪಿನ ಅಡಿಗೆ ತೂರಿಸಿ ಮೂರ್ನಾಲ್ಕು ಮಿ.ಮೀ. ಎತ್ತಿ, ಅಷ್ಟಕ್ಕೇ ಸಾಕೆಟ್ ಗುಂಡಿನಿಂದ ಈಚೆ ಬರುತ್ತದೆ. ಕ್ಲಿಪ್ಪನ್ನು ಪೂರ್ತಿ ಕೀಳಲು ಹೋದರೆ ಅದು ಚಿಮ್ಮಿ ಚರಂಡಿ ಸೇರುತ್ತದೆ, ಅಥವಾ ಬಾಗಿ ಮತ್ತೆ ಹಿಡಿಯುವುದಿಲ್ಲ.

ಬಿಚ್ಚಿದ ಶಾಕರನ್ನು ಬರಿಗೈಲಿ ಅದುಮಿ ನೋಡಿ. ಕಂಬಿ ಸಲೀಸಾಗಿ ಒಳಗೆ ಹೋಗಿ ಅಲ್ಲೇ ಕೂತರೆ ಪರೀಕ್ಷೆ ಮುಗಿಯಿತು. ಒಳ್ಳೆಯ ಶಾಕರನ್ನು ಕೈಬಲದಿಂದ ಒಳಗೆ ತಳ್ಳಲಾಗುವುದಿಲ್ಲ, ಮೈಭಾರ ಹಾಕಬೇಕು. ಎರಡರ ನಡುವಿನ ಸ್ಥಿತಿಯಲ್ಲಿದ್ದರೆ ಮನೆಯ ತೂಕದ ಯಂತ್ರ ತನ್ನಿ, ಆಳು ನಿಂತು ತೂಗುವಂಥದ್ದು. ಕಂಬಿ ಕೆಳಮುಖವಾಗಿ, ಜಾರದಂತೆ ಕುಳಿ ತೋಡಿದ ಮರದ ತುಂಡಿನ ಮೇಲೆ ನಿಲ್ಲಿಸಿ, ಮುಖ ದೂರ ಇಟ್ಟುಕೊಂಡು ಎರಡೂ ಕೈಯಿಂದ ನೇರ ಕೆಳಗೆ ಒತ್ತಿ. ಕಂಬಿ ನಿಧಾನಕ್ಕೆ ಸರಿಯಲು ತೊಡಗಿದಾಗ ಮುಳ್ಳು ತೋರಿಸುವ ಕೆಜಿಯನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಲೆಕ್ಕ ಸಿಗುತ್ತದೆ.

ಈ ಸಂಖ್ಯೆಯನ್ನು ಕೊಳವೆಯ ಮೇಲೆ ಮುದ್ರಿಸಿದ ಬಲದೊಂದಿಗೆ ಹೋಲಿಸಿ. ಪಾರ್ಟ್ ನಂಬರ್ ಪಕ್ಕದಲ್ಲಿ 0450ಎನ್ ಎಂಬಂತೆ ಅದು ಇರುತ್ತದೆ. 450 ನ್ಯೂಟನ್ ಎಂದರೆ ಸುಮಾರು 46 ಕೆಜಿ. ಒತ್ತುವಾಗ ಸೀಲಿನ ಉಜ್ಜಾಟವೂ ಸೇರುವುದರಿಂದ ಆರೋಗ್ಯವಂತ ಶಾಕರ್ 46ಕ್ಕಿಂತ ನಾಲ್ಕೈದು ಕೆಜಿ ಹೆಚ್ಚೇ ತೋರಿಸಬೇಕು. 46ಕ್ಕಿಂತ ಕೆಳಗೆ ತೋರಿಸಿದರೆ ಗ್ಯಾಸ್ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು. ಎರಡೂ ಶಾಕರ್ ಸರಿಯಾದ ಬಲ ತೋರಿಸಿಯೂ ಬಾಗಿಲು ನಿಲ್ಲದಿದ್ದರೆ ಬಾಗಿಲಿನ ತೂಕವೇ ಹೆಚ್ಚಾಗಿದೆ.

ಸರಿಯಾದ ಶಾಕರ್ ಆರಿಸುವುದು

ಕಾರಿನ ಮಾಡೆಲ್ ಮತ್ತು ವರ್ಷಕ್ಕೆ ಹೊಂದುವ ಕಂಪನಿಯ ಪಾರ್ಟ್ ನಂಬರಿನದ್ದೇ ಸಿಕ್ಕರೆ ಬೇರೆ ಯೋಚನೆ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗೆ ಹೋಗುವುದಾದರೆ ಹಳೆಯ ಶಾಕರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನ ಹಿಂದಿನ ವೈಪರ್ ಇರುವ ಮತ್ತು ಇಲ್ಲದ ಮಾದರಿಗಳ ಬಾಗಿಲಿನ ತೂಕ ಬೇರೆ, ಶಾಕರಿನ ಬಲವೂ ಬೇರೆ ಇರಬಹುದು.

ಹೊಂದಿಸಬೇಕಾದ ಅಳತೆಗಳಿವು: ಪೂರ್ತಿ ಚಾಚಿದಾಗ ಒಂದು ಸಾಕೆಟಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಉದ್ದ, ಕಂಬಿ ಒಳಗೆ ಚಲಿಸುವ ದೂರ, ಕಂಬಿ ಮತ್ತು ಕೊಳವೆಯ ವ್ಯಾಸ (8/18 ಅಥವಾ 10/22 ಸಾಮಾನ್ಯ), ಸಾಕೆಟಿನ ಗಾತ್ರ, ನ್ಯೂಟನ್ ಬಲ. ಇವುಗಳಲ್ಲಿ ಉದ್ದ ತಪ್ಪಿದರೆ ಆಗುವ ನಷ್ಟವೇ ದೊಡ್ಡದು. ಚಾಚಿದ ಉದ್ದ ಹೆಚ್ಚಾದರೆ ಬಾಗಿಲು ಮಿತಿ ಮೀರಿ ಏರಿ ಅದರ ಅಂಚು ಮಾಡಿಗೆ ಬಡಿಯುತ್ತದೆ. ಮಡಿಚಿದ ಉದ್ದ ಹೆಚ್ಚಾದರೆ ಬಾಗಿಲು ಬೀಗದವರೆಗೆ ಬರುವುದೇ ಇಲ್ಲ. ಆಗ ಜೋರಾಗಿ ಒತ್ತಿ ಮುಚ್ಚಿದರೆ ಕಂಬಿಯೋ ಬ್ರಾಕೆಟ್ಟೋ ಬಾಗುತ್ತದೆ.

ಲೇಬಲ್ ಅಳಿಸಿಹೋಗಿದ್ದರೆ, ಅಥವಾ ಸ್ಪಾಯ್ಲರ್ ಹಾಕಿಸಿ ತೂಕ ಹೆಚ್ಚಿದ್ದರೆ ಬಲವನ್ನು ನೀವೇ ಲೆಕ್ಕ ಹಾಕಬಹುದು. ಎರಡೂ ಶಾಕರ್ ಬಿಚ್ಚಿ, ಬಾಗಿಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಹಿಡಿಕೆಯ ಜಾಗಕ್ಕೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಮೇಲಕ್ಕೆ ಎಳೆದು ತೂಕ ನೋಡಿ. ಇದಕ್ಕೆ ಇಬ್ಬರು ಬೇಕೇ ಬೇಕು. ತಕ್ಕಡಿ 9 ಕೆಜಿ ತೋರಿಸಿತು, ಹಿಂಜಿನಿಂದ ಅಲ್ಲಿಗೆ 90 ಸೆಂ.ಮೀ. ದೂರ ಎಂದುಕೊಳ್ಳಿ. ಗುಣಿಸಿದರೆ 810. ಬಾಗಿಲು ಅದೇ ಎತ್ತರದಲ್ಲಿರುವಾಗ ಎರಡು ಬಾಲ್ ಬೋಲ್ಟುಗಳ ನಡುವೆ ದಾರ ಹಿಡಿದು, ಆ ದಾರಕ್ಕೂ ಹಿಂಜಿನ ಪಿನ್ನಿಗೂ ಇರುವ ಲಂಬ ದೂರ ಅಳೆಯಿರಿ. ಅದು 10 ಸೆಂ.ಮೀ. ಇದ್ದರೆ 810ನ್ನು 10ರಿಂದ ಭಾಗಿಸಿ 81 ಕೆಜಿ, ಎರಡು ಶಾಕರಿಗೆ ಹಂಚಿದರೆ ತಲಾ 40.5 ಕೆಜಿ, ಅಂದರೆ ಸುಮಾರು 400 ನ್ಯೂಟನ್. ಚಳಿಗೂ ಸವಕಳಿಗೂ 10ರಿಂದ 15 ಶೇಕಡಾ ಸೇರಿಸಿ 450ರದ್ದನ್ನು ತನ್ನಿ.

ಅದಕ್ಕಿಂತ ಬಲವಾದದ್ದು ಒಳ್ಳೆಯದು ಎಂಬ ಸಲಹೆ ಅಂಗಡಿಯಲ್ಲಿ ಸಿಗುತ್ತದೆ, ಒಪ್ಪಬೇಡಿ. 450 ಬೇಕಾದ ಕಡೆ 600 ಹಾಕಿದರೆ ಬೀಗ ಬಿಟ್ಟು ಸ್ವಲ್ಪ ಎತ್ತಿದ ಕೂಡಲೇ ಬಾಗಿಲು ಗದ್ದಕ್ಕೆ ಹೊಡೆಯುವ ಹಾಗೆ ಚಿಮ್ಮುತ್ತದೆ, ಮನೆಯ ವಯಸ್ಸಾದವರಿಗೆ ಮುಚ್ಚಲಾಗುವುದಿಲ್ಲ. ಬಾಗಿಲು ಮುಚ್ಚಿರುವಷ್ಟು ಹೊತ್ತೂ ಆ ಹೆಚ್ಚಿನ ಬಲ ಬೋಲ್ಟಿನ ಬುಡದ ತಗಡನ್ನು ತಳ್ಳುತ್ತಲೇ ಇರುತ್ತದೆ. ಬಾಲ್ ಬೋಲ್ಟ್ ನೇರ ಗಾಜಿಗೇ ಕೂತಿರುವ ಕಾರುಗಳಲ್ಲಿ ಗಾಜೇ ಸೀಳಬಹುದು.

"ಗ್ಯಾಸ್ ತುಂಬಿಸಿಕೊಡುತ್ತೇವೆ" ಎನ್ನುವವರೂ ಇದ್ದಾರೆ. ಕೊಳವೆಗೆ ರಂಧ್ರ ಕೊರೆದು, ವಾಲ್ವ್ ಕೂರಿಸಿ ತುಂಬುತ್ತಾರೆ. ಹಾಳಾಗಿರುವುದು ಸೀಲ್, ಅದು ಹಾಗೆಯೇ ಉಳಿಯುತ್ತದೆ. ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ನೈಟ್ರೋಜನ್ ಬದಲು ಸಾದಾ ಗಾಳಿ ತುಂಬಿದರಂತೂ ತೇವದಿಂದ ಒಳಗೇ ತುಕ್ಕು ಹಿಡಿಯುತ್ತದೆ. ದುಡ್ಡಿಗಿಂತ ಹೆಚ್ಚಾಗಿ, ಕೊರೆದ ಕೊಳವೆಯನ್ನು ತಲೆಯ ಪಕ್ಕದಲ್ಲಿ ಇಟ್ಟುಕೊಳ್ಳುವುದೇ ತಪ್ಪು.

ಕೂರಿಸುವುದು

ಯಾವಾಗಲೂ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಬಾಗಿಲು ತಿರುಚುತ್ತದೆ, ಹೊಸದರ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಹಳೆಯ ಬಾಲ್ ಬೋಲ್ಟಿನ ಗುಂಡು ತುಕ್ಕು ಹಿಡಿದು ಒರಟಾಗಿದ್ದರೆ ಅದನ್ನೂ ಬದಲಿಸಿ. ಸರಿಯಿದ್ದರೆ ಒರೆಸಿ, ಕಡಲೆಕಾಳಿನಷ್ಟು ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಗ್ರೀಸ್ ಗುಂಡಿಗೆ ಮಾತ್ರ, ಕಂಬಿಗೆ ಬೇಡ.

ಬಾಗಿಲು ಮುಚ್ಚಿರುವಾಗ ಕಂಬಿ ಕೆಳಗೆ, ಕೊಳವೆ ಮೇಲೆ ಇರುವಂತೆ ಕೂರಿಸಬೇಕು. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ತಲೆಕೆಳಗಾಗಿ ಹಾಕಿದರೂ ಮೊದಲ ದಿನ ಬಾಗಿಲು ಚೆನ್ನಾಗಿಯೇ ನಿಲ್ಲುತ್ತದೆ, ಆದ್ದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವೇ ತಿಂಗಳಲ್ಲಿ ಸೀಲ್ ಒಣಗಿ ಗ್ಯಾಸ್ ಹೋಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಶಾಕರ್ ಪೂರ್ತಿ ಚಾಚಿಯೇ ಬರುತ್ತದೆ. ಅದನ್ನು ಅದುಮಿ ಕೂರಿಸಬೇಕಾದ ಪ್ರಮೇಯ ಬಂದರೆ ಬಾಗಿಲು ಪೂರ್ತಿ ತೆರೆದಿಲ್ಲ ಎಂದರ್ಥ, ಊರೆಯನ್ನು ಇನ್ನಷ್ಟು ಎತ್ತರಿಸಿ. ಸಾಕೆಟ್ಟನ್ನು ಗುಂಡಿನ ಮೇಲೆ ನೇರ ಒತ್ತಿ, ಟಕ್ ಎಂದ ಮೇಲೆ ಹೊರಗೆ ಜಗ್ಗಿ ನೋಡಿ, ಕ್ಲಿಪ್ ಪೂರ್ತಿ ಒಳಗೆ ಕೂತಿದೆಯೇ ಎಂದು ಬೆರಳಾಡಿಸಿ. ಎರಡೂ ಕಡೆ ಮುಗಿದ ಮೇಲೆ ಊರೆ ತೆಗೆಯಿರಿ. ಮೊದಲ ಸಲ ಮುಚ್ಚುವಾಗ ಬಡಿದು ಮುಚ್ಚಬೇಡಿ, ಕೈಯಲ್ಲಿ ಹಿಡಿದು ಇಳಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ ಅಳತೆ ಮತ್ತೆ ನೋಡಿ.

ಬಟನ್ ಒತ್ತಿದರೆ ತಾನೇ ಏರುವ ವಿದ್ಯುತ್ ಬಾಗಿಲಿಗೆ ಇದು ಯಾವುದೂ ಹೊಂದುವುದಿಲ್ಲ. ಅಲ್ಲಿ ಶಾಕರಿನಂತೆ ಕಾಣುವ ಕೊಳವೆಯೊಳಗೆ ಮೋಟರ್ ಮತ್ತು ಸುರುಳಿ ಸ್ಪ್ರಿಂಗ್ ಇರಬಹುದು, ಬಿಚ್ಚಿದ ಮೇಲೆ ಕಂಪ್ಯೂಟರಿಗೆ ಮತ್ತೆ ಮಿತಿ ಕಲಿಸಬೇಕು. ಆ ಕೆಲಸ ಸರ್ವಿಸ್ ಸೆಂಟರಿಗೇ ಬಿಡಿ.

ಸೆಡಾನ್ ಆದರೆ

ಹಲವು ಸೆಡಾನ್‌ಗಳಲ್ಲಿ ಗ್ಯಾಸ್ ಶಾಕರೇ ಇರುವುದಿಲ್ಲ. ಡಿಕ್ಕಿಯೊಳಗೆ ಬಗ್ಗಿ ಹಿಂಬದಿ ಗಾಜಿನ ಕೆಳಭಾಗ ನೋಡಿದರೆ ಈ ಬದಿಯಿಂದ ಆ ಬದಿಗೆ ಹಾಯ್ದ ಎರಡು ಉಕ್ಕಿನ ಸರಳುಗಳು ಕಾಣುತ್ತವೆ. ಇವು ಟಾರ್ಷನ್ ರಾಡ್. ಒಂದು ತುದಿ ಈ ಬದಿಯ ಬ್ರಾಕೆಟ್ಟಿನ ಕಚ್ಚಿನಲ್ಲಿ, ಇನ್ನೊಂದು ತುದಿ ಎದುರು ಬದಿಯ ಹಿಂಜಿನ ತೋಳಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸರಳು ತಿರುಚಿದ ಬಲವೇ ಬಾಗಿಲನ್ನು ಎತ್ತಿ ಹಿಡಿಯುತ್ತದೆ. ಗ್ಯಾಸಿನಂತೆ ಇದು ಸೋರುವುದಿಲ್ಲ. ಬಾಗಿಲು ನಿಲ್ಲದಿದ್ದರೆ ಸರಳು ಕಚ್ಚಿನಿಂದ ಜಾರಿದೆ, ಮುರಿದಿದೆ, ಅಥವಾ ಬಾಗಿಲಿಗೆ ಸ್ಪಾಯ್ಲರ್ ತೂಕ ಬಿದ್ದಿದೆ.

ಬ್ರಾಕೆಟ್ಟಿನಲ್ಲಿ ಎರಡು ಮೂರು ಕಚ್ಚುಗಳಿದ್ದರೆ ಸರಳಿನ ತುದಿಯನ್ನು ಹೆಚ್ಚು ತಿರುಚುವ ಕಚ್ಚಿಗೆ ಸರಿಸಿ ಬಲ ಹೆಚ್ಚಿಸಬಹುದು, ಎರಡೂ ಬದಿ ಒಂದೇ ಮಟ್ಟಕ್ಕೆ. ಬಾಗಿಲು ಪೂರ್ತಿ ತೆರೆದಾಗ ತಿರುಚು ಕಡಿಮೆಯಾಗಿರುತ್ತದೆ, ಇಲ್ಲವಾಗಿರುವುದಿಲ್ಲ. ಸರಳಿನ ತುದಿಗೆ ಸರಿಯಾಗಿ ತೊಡುವ ಒಂದಡಿ ಉದ್ದದ ಉಕ್ಕಿನ ಪೈಪ್ ತೂರಿಸಿ, ಕಣ್ಣಿಗೆ ಕನ್ನಡಕ ಹಾಕಿ, ಸರಳು ಚಿಮ್ಮುವ ದಾರಿಯಲ್ಲಿ ಮುಖವಾಗಲಿ ಕೈಯಾಗಲಿ ಇಡದೆ ಸರಿಸಬೇಕು. ಕಟಿಂಗ್ ಪ್ಲೇಯರಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಹಿಡಿತ ತಪ್ಪಿದರೆ ಬೆರಳು ಮುರಿಯುತ್ತದೆ. ಮುರಿದ ಸರಳಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ. ಸ್ಪ್ರಿಂಗ್ ಉಕ್ಕಿನ ಹದ ಕೆಟ್ಟು ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಭಾಗ ಸಿಗುವವರೆಗೆ

ಊರಿನಲ್ಲಿ ಶಾಕರ್ ಸಿಗದೆ ತರಿಸಬೇಕಾದರೆ ನಡುವಿನ ದಿನಗಳಿಗೆ ಅರ್ಧ ಇಂಚಿನ ದಪ್ಪ ಗೋಡೆಯ ಪಿವಿಸಿ ನೀರಿನ ಪೈಪ್ ಸಾಕು. ಬಾಗಿಲು ಪೂರ್ತಿ ತೆರೆದಾಗ ಹೊರಗೆ ಕಾಣುವ ಕಂಬಿಯ ಉದ್ದಕ್ಕೆ ಪೈಪ್ ಕತ್ತರಿಸಿ, ಉದ್ದುದ್ದ ಒಂದು ಕಡೆ ಕಂಬಿ ತೂರುವಷ್ಟು ಸೀಳಿ, ಬಾಗಿಲು ತೆರೆದ ಮೇಲೆ ಕಂಬಿಗೆ ತೊಡಿಸಿ. ಕೊಳವೆ ಕೆಳಗಿಳಿಯಲು ಪೈಪ್ ಬಿಡುವುದಿಲ್ಲ. ಮುಚ್ಚುವ ಮುಂಚೆ ಅದನ್ನು ಕಳಚಲೇಬೇಕು, ಮರೆತು ಬಾಗಿಲು ಎಳೆದರೆ ಬ್ರಾಕೆಟ್ ಬಾಗುತ್ತದೆ. ಕೆಂಪು ಟೇಪ್ ಸುತ್ತಿಟ್ಟರೆ ಕಣ್ಣಿಗೆ ಬೀಳುತ್ತದೆ. ಕಂಬಿಗೆ ಲಾಕಿಂಗ್ ಪ್ಲೇಯರ್ ಕಚ್ಚಿಸುವ ಉಪಾಯವೂ ಇದೆ, ಆದರೆ ಅದರ ಹಲ್ಲು ಕಂಬಿಯನ್ನು ಗೀರುವುದರಿಂದ ಎಸೆಯುವುದು ಖಚಿತವಾದ ಶಾಕರಿಗೆ ಮಾತ್ರ.

ಬಿಚ್ಚಿದ ಹಳೆಯ ಶಾಕರ್ ಸತ್ತಂತೆ ಕಂಡರೂ ಒಳಗೆ ಒತ್ತಡ ಉಳಿದಿರುತ್ತದೆ. ಕಸದ ಜೊತೆ ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ಗುಜರಿಯಲ್ಲಿ ಗ್ಯಾಸ್ ಕಟ್ಟರ್ ಹಿಡಿಯುವವರಿಗೆ ಅದು ಸಾದಾ ಪೈಪಿನಂತೆ ಕಾಣುವುದರಿಂದ, ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಗುಜರಿಗೇ ಕೊಡಬೇಕಾಗಿ ಬಂದರೆ ಒಳಗೆ ಒತ್ತಡದ ಗ್ಯಾಸಿದೆ ಎಂದು ಬಾಯಿಬಿಟ್ಟು ಹೇಳಿ, ಕೊಳವೆಯ ಮೇಲೂ ಮಾರ್ಕರಿನಲ್ಲಿ ಬರೆದು ಕೊಡಿ.